ಒರೆಗಲ್ಲು ಹೇಳದ ಮಾತು

ದರೋಡೆಯ ಕಥೆಗಳಲ್ಲಿ ದರೋಡೆಯೇ ಕೊನೆಯ ಘಟ್ಟವಾಗಿರುವುದು ವಾಡಿಕೆ. ಸಂಚು ಹೂಡುವುದು, ಕಾವಲುಗಾರರ ಕಣ್ಣು ತಪ್ಪಿಸುವುದು, ಗಂಟು ಹೊತ್ತು ಓಡುವುದು. ಇಷ್ಟಾದರೆ ಕಥೆ ಮುಗಿಯಿತು. 1969ರಲ್ಲಿ ಲಂಡನ್ ವೀಕೆಂಡ್ ಟೆಲಿವಿಷನ್ ಸಂಸ್ಥೆಯು ತೋರಿಸಿದ ‘ದಿ ಗೋಲ್ಡ್ ರಾಬರ್ಸ್’ ಎಂಬ ಪೊಲೀಸ್ ನಾಟಕಮಾಲೆ ಈ ಕ್ರಮವನ್ನು ತಿರುವುಮುರುವು ಮಾಡಿತು. ಅದರ 13 ಕಂತುಗಳಲ್ಲಿ ದರೋಡೆಯು ಮೊದಲಿಗೇ ನಡೆದುಹೋಗುತ್ತದೆ. ವಿಮಾನ ನಿಲ್ದಾಣವೊಂದರಲ್ಲಿ 55 ಲಕ್ಷ ಪೌಂಡ್ ಬೆಲೆಯ ಚಿನ್ನದ ಗಟ್ಟಿಗಳು ಮಾಯವಾಗುತ್ತವೆ. ಅನಂತರ ಕ್ರ್ಯಾಡಕ್ ಎಂಬ ಹಿರಿಯ ಪತ್ತೇದಾರಿ ಅಧಿಕಾರಿಯು ಆ ಕೃತ್ಯದಲ್ಲಿ ಕೈ ಸೇರಿಸಿದವರನ್ನು ಒಬ್ಬೊಬ್ಬರನ್ನಾಗಿ ಬೆನ್ನು ಹತ್ತುತ್ತಾನೆ. ಈ ಪಾತ್ರವನ್ನು ವಹಿಸಿದವರು ಪೀಟರ್ ವಾನ್.

ಚಿನ್ನವನ್ನು ಬಿಟ್ಟು ಮನುಷ್ಯರನ್ನು ಹುಡುಕುವುದೇಕೆ? ಇದಕ್ಕೆ ಉತ್ತರ ಚಿನ್ನದ ಗುಣದಲ್ಲಿಯೇ ಇದೆ.

ಚಿನ್ನವು ನೀರಿಗಿಂತ 19 ಪಾಲಿಗೂ ಹೆಚ್ಚು ಭಾರ. ದೇಶದೇಶಗಳ ನಡುವೆ ಓಡಾಡುವ ದೊಡ್ಡ ಗಟ್ಟಿಯು ನಾವು ಮನೆ ಕಟ್ಟುವ ಇಟ್ಟಿಗೆಗಿಂತ ಚಿಕ್ಕದು. ಆದರೆ ತೂಕ ಸುಮಾರು 12.5 ಕಿಲೋಗ್ರಾಂ. 1969ರಲ್ಲಿ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್. ಆ ಲೆಕ್ಕದಲ್ಲಿ 55 ಲಕ್ಷ ಪೌಂಡಿನ ಚಿನ್ನವೆಂದರೆ 11 ಟನ್ನಿಗೂ ಮಿಗಿಲು. ಇದನ್ನು ಹೊರಲು ಲಾರಿ ಬೇಕು, ಆಳುಗಳು ಬೇಕು, ಒಳಗಿನ ಸುಳಿವು ಕೊಡುವವನು ಬೇಕು, ಕೊಳ್ಳುವವನೂ ಬೇಕು. ಕೈಗಳು ಹೆಚ್ಚಿದಷ್ಟೂ ಬಾಯಿಗಳು ಹೆಚ್ಚುತ್ತವೆಯಷ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಅವರಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ.

ಇನ್ನು ಗುರುತಿನ ಮಾತು. ಗಟ್ಟಿಯ ಮೇಲೆ ಕ್ರಮಸಂಖ್ಯೆ, ಶುದ್ಧಿಯ ಪ್ರಮಾಣ, ಶುದ್ಧಿಮಾಡಿದ ಕಾರ್ಖಾನೆಯ ಮುದ್ರೆ ಇವೆಲ್ಲ ಒತ್ತಿರುತ್ತವೆ. ಕುಲುಮೆಗೆ ಹಾಕಿದರೆ ಅವೆಲ್ಲ ಅಳಿಸಿಹೋಗುತ್ತವೆ. ಆದರೂ ಅಚ್ಚ ಅಪರಂಜಿಯನ್ನು ಹಳೆಯ ಒಡವೆಯ ಚೂರೆಂದು ಹೇಳಿ ಮಾರುವಂತಿಲ್ಲ. ವ್ಯಾಪಾರಿಗೆ ಸಂಶಯ ಬರುತ್ತದೆ. ಆದುದರಿಂದ ಕಳ್ಳನು ಅದಕ್ಕೆ ತಾಮ್ರ ಬೆರೆಸಿ, ಬೇಕೆಂದೇ ಬಣ್ಣಗೆಡಿಸಬೇಕಾಗುತ್ತದೆ.

ಇದು ಕೇವಲ ಕಲ್ಪನೆಯಲ್ಲ. ನಾಟಕವು ಪ್ರಸಾರವಾಗಿ 14 ವರ್ಷಗಳ ಮೇಲೆ, 1983ರ ನವೆಂಬರ್ 26ರಂದು, ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಸಮೀಪದಲ್ಲಿದ್ದ ಬ್ರಿಂಕ್ಸ್-ಮ್ಯಾಟ್ ಉಗ್ರಾಣಕ್ಕೆ ದರೋಡೆಕೋರರು ನುಗ್ಗಿದರು. ಕಾವಲುಗಾರರ ಮೈಮೇಲೆ ಪೆಟ್ರೋಲ್ ಸುರಿದು ಹೆದರಿಸಿದರು. ನಗದು ಹಣವನ್ನು ನಿರೀಕ್ಷಿಸಿ ಬಂದವರಿಗೆ ಸಿಕ್ಕಿದ್ದು ಸುಮಾರು 3 ಟನ್ ಚಿನ್ನ, 6,800 ಗಟ್ಟಿಗಳು. ಒಟ್ಟು ಬೆಲೆ 2 ಕೋಟಿ 60 ಲಕ್ಷ ಪೌಂಡ್. ಒಳಗಿನ ಸುಳಿವು ಕೊಟ್ಟವನು ಅಲ್ಲಿಯ ಕಾವಲುಗಾರನೇ. ಪೊಲೀಸರ ಮುಂದೆ ಆತನೇ ಬಾಯಿಬಿಟ್ಟನು. 1984ರಲ್ಲಿ ಇಬ್ಬರು ಮುಖಂಡರಿಗೆ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. ತನಿಖೆಯ ಕಾಲದಲ್ಲಿ, 1985ರ ಜನವರಿಯಲ್ಲಿ, ಗುಪ್ತವಾಗಿ ಕಾವಲಿದ್ದ ಪೊಲೀಸ್ ಅಧಿಕಾರಿಯೊಬ್ಬರು ಇರಿತಕ್ಕೊಳಗಾಗಿ ಪ್ರಾಣ ಕಳೆದುಕೊಂಡರು.

ಇಷ್ಟಾದರೂ ಆ ಚಿನ್ನದ ಬಹುಪಾಲು ಮರಳಿ ದೊರೆಯಲಿಲ್ಲ. ಅದರಲ್ಲಿ ಬಹಳಷ್ಟು ತಾಮ್ರದೊಡನೆ ಕರಗಿ, ಬೇರೆ ಹೆಸರಿನಿಂದ ಪೇಟೆ ಸೇರಿತು. ಅದರಿಂದಾದ ಉಂಗುರವನ್ನು ಏನೂ ಅರಿಯದ ಯಾವ ವಧುವಿನ ಬೆರಳಿಗೆ ತೊಡಿಸಿದರೋ, ಹೇಳಬಲ್ಲವರಾರು?

ಒರೆಗಲ್ಲಿಗೆ ತಿಕ್ಕಿದರೆ ಚಿನ್ನವು ತನ್ನ ಬಣ್ಣವನ್ನು ಹೇಳುತ್ತದೆ. ತಾನು ಯಾರ ಕೈಯಿಂದ ಬಂದೆನೆಂಬುದನ್ನು ಹೇಳುವುದಿಲ್ಲ. ಆ ಸಾಕ್ಷ್ಯವನ್ನು ಮನುಷ್ಯನ ಬಾಯಿಂದಲೇ ಹೊರಡಿಸಬೇಕು. ಕ್ರ್ಯಾಡಕ್ ಮನುಷ್ಯರ ಬೆನ್ನು ಹತ್ತಿದುದು ಇದಕ್ಕಾಗಿಯೇ. ಆ ಹಳೆಯ ನಾಟಕವನ್ನು ಬರೆದವರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು.