ಗಂಟಲಮಾರಿ: ಜೀವಕೋಶದ ಬಾಗಿಲು ತಟ್ಟುವ ವಿಷ

ಮಗುವಿಗೆ ಸಣ್ಣ ಜ್ವರ, ಗಂಟಲು ನೋವು. ನೀವು ಕಷಾಯ ಕುಡಿಸಿ ಮಲಗಿಸುತ್ತೀರಿ. ಹೆಚ್ಚಿನ ಸಲ ಅಷ್ಟರಲ್ಲೇ ವಾಸಿಯಾಗುತ್ತದೆ. ಆದರೆ ಗಂಟಲೊಳಗೆ ಬೂದು ಬಣ್ಣದ ಪೊರೆ ಅಂಟಿಕೊಂಡಿದ್ದರೆ, ಕುತ್ತಿಗೆ ಊದಿಕೊಂಡಿದ್ದರೆ ಒಂದು ಗಳಿಗೆಯೂ ಕಾಯಬೇಡಿ. ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ ಆಗಿರಬಹುದು.

ಈ ರೋಗದ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಗಂಟಲಲ್ಲೇ ಉಳಿಯುತ್ತದೆ. ಆದರೆ ಅದು ಉತ್ಪಾದಿಸುವ ವಿಷ ರಕ್ತದೊಂದಿಗೆ ಹೃದಯ ಮತ್ತು ನರಗಳನ್ನು ತಲುಪುತ್ತದೆ. 1888ರಲ್ಲಿ ಪ್ಯಾರಿಸ್‌ನಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ನಂತರ ಉಳಿದ ದ್ರವವೂ ಪ್ರಾಣಿಗಳನ್ನು ಕೊಲ್ಲಬಲ್ಲದೆಂದು ತೋರಿಸಿದರು.

ವಿಷ ಒಳಹೊಗುವ ಬಗೆ

ಈ ವಿಷಕ್ಕೆ ಎರಡು ಭಾಗಗಳಿವೆ. ಒಂದು ಬಾಗಿಲು ಹುಡುಕುತ್ತದೆ, ಇನ್ನೊಂದು ಕೊಲ್ಲುತ್ತದೆ. ಜೀವಕೋಶದ ಹೊರಮೈಯಲ್ಲಿರುವ ಒಂದು ಪ್ರೊಟೀನಿಗೆ ಮೊದಲ ಭಾಗ ಅಂಟಿಕೊಳ್ಳುತ್ತದೆ. ಜೀವಕೋಶ ಅದನ್ನು ಪುಟ್ಟ ಚೀಲದಲ್ಲಿ ಸುತ್ತಿ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲದ ಅಂಶ ಹೆಚ್ಚಿದಾಗ ವಿಷದ ಆಕಾರ ಬದಲಾಗುತ್ತದೆ. ಕೊಲ್ಲುವ ಭಾಗ ಚೀಲದ ಪೊರೆಯನ್ನು ದಾಟಿ ಜೀವಕೋಶದೊಳಗೆ ಇಳಿಯುತ್ತದೆ. ಅಲ್ಲಿ ಪ್ರೊಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಒಲೆ ಆರಿದ ಮನೆಯಂತೆ ಜೀವಕೋಶ ಸಾಯುತ್ತದೆ. ಒಳಹೊಕ್ಕ ಒಂದೇ ಅಣು ಇದಕ್ಕೆ ಸಾಕು!

ಇದಕ್ಕೆ ಪ್ರತಿವಿಷದ ಚುಚ್ಚುಮದ್ದು ಇದೆ. ಆದರೆ ಅದು ಹೊರಗೆ ರಕ್ತದಲ್ಲಿರುವ ವಿಷವನ್ನಷ್ಟೇ ಹಿಡಿಯಬಲ್ಲದು. ಜೀವಕೋಶದೊಳಗೆ ಹೊಕ್ಕ ವಿಷ ಅದರ ಕೈಗೆ ಸಿಗದು. ತಡ ಮಾಡಬಾರದು ಎನ್ನುವುದು ಇದಕ್ಕಾಗಿಯೇ.

ಬಾಗಿಲಲ್ಲೇ ತಡೆಯಿರಿ

1923ರಲ್ಲಿ ಗಾಸ್ತೋನ್ ರಾಮೋನ್ ಈ ವಿಷವನ್ನು ಫಾರ್ಮಲಿನ್ ಮತ್ತು ಶಾಖದಿಂದ ನಿರಪಾಯಗೊಳಿಸಿ ಲಸಿಕೆಯ ದಾರಿ ತೋರಿಸಿದರು. ಲಸಿಕೆ ಪಡೆದ ದೇಹದಲ್ಲಿ ವಿಷವನ್ನು ಮೊದಲೇ ಹಿಡಿಯುವ ಕಾವಲುಗಾರರು ಸಿದ್ಧರಿರುತ್ತಾರೆ.

ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಲಸಿಕೆ ಉಚಿತ. 6, 10, 14ನೇ ವಾರಗಳಲ್ಲಿ ಮೂರು ಡೋಸ್, 16ರಿಂದ 24 ತಿಂಗಳೊಳಗೆ ಮತ್ತು 5-6ನೇ ವರ್ಷದಲ್ಲಿ ಬೂಸ್ಟರ್, 10 ಮತ್ತು 16ನೇ ವರ್ಷದಲ್ಲಿ ಟಿಡಿ ಚುಚ್ಚುಮದ್ದು. ಗರ್ಭಿಣಿಯರಿಗೂ ಟಿಡಿ ಕೊಡುತ್ತಾರೆ.

ಮೊದಲ ಚುಚ್ಚುಮದ್ದಿಗೆ ಮಗುವಿಗೆ ಜ್ವರ ಬಂತೆಂದು ಮುಂದಿನದನ್ನು ಬಿಟ್ಟುಬಿಡುವ ತಾಯಂದಿರಿದ್ದಾರೆ. ಒಂದೆರಡು ದಿನದ ಆ ಜ್ವರ ಸಾಮಾನ್ಯ. ಬೂಸ್ಟರ್ ತಪ್ಪಿದರೆ ವರ್ಷ ಕಳೆದಂತೆ ರಕ್ಷಣೆ ಕುಂದುತ್ತದೆ.

ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಬೋಧಿಸಿದ್ದಾರೆ. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಇಂದೇ ನಿಮ್ಮ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ಖಾಲಿ ಉಳಿದ ಚೌಕವಿದ್ದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ತಪ್ಪಿದ ಡೋಸನ್ನು ಪಡೆಯಲು ಈಗಲೂ ಅವಕಾಶವಿದೆ.