ರೇಸಿನ ಕ್ವಾಡ್ ಬೈಕಿಗೆ ಯಾವ ಕ್ಯಾಮ್ ಹಾಕಬೇಕು?

ಕ್ವಾಡ್ ಬೈಕ್ ಅಂದರೆ ನಾಲ್ಕು ದಪ್ಪ ಚಕ್ರಗಳಿರುವ ಗಾಡಿ. ಮೇಲೆ ಕುದುರೆ ಹತ್ತಿದ ಹಾಗೆ ಕೂತು ಹ್ಯಾಂಡಲ್ ಹಿಡಿದು ಓಡಿಸಬೇಕು. ಮರಳು, ಕೆಸರು, ಗುಡ್ಡ ಎಲ್ಲದರಲ್ಲೂ ಹೋಗುತ್ತೆ. ಅಮೆರಿಕದಲ್ಲಿ ಇದಕ್ಕೇ ಅಂತ ಮಣ್ಣಿನ ಟ್ರ್ಯಾಕಿನಲ್ಲಿ ರೇಸು ನಡೆಸುತ್ತಾರೆ. ಡಕಾರ್ ರ‍್ಯಾಲಿ ಎಂಬ ದೊಡ್ಡ ರೇಸಿನಲ್ಲಿ ೨೦೦೯ರಿಂದ ೨೦೨೪ರವರೆಗೆ ಕ್ವಾಡ್‌ಗಳಿಗೆ ಬೇರೆ ವಿಭಾಗವೇ ಇತ್ತು. ಅರ್ಜೆಂಟೀನಾ ದೇಶದ ಅಲೆಹಾಂಡ್ರೋ ಪಟ್ರೊನೆಲ್ಲಿ ಮತ್ತು ಅವರ ತಮ್ಮ ಮಾರ್ಕೋಸ್ ಇಬ್ಬರೇ ಸೇರಿ ೨೦೧೦ರಿಂದ ೨೦೧೩ರವರೆಗೆ ನಾಲ್ಕು ವರ್ಷ ಬಿಡದೆ ಅದನ್ನು ಗೆದ್ದರು. ಅವರ ಗಾಡಿ ಯಮಹಾ.

ಇಂಥ ಗಾಡಿಯ ಎಂಜಿನ್‌ಗೆ ಇನ್ನೂ ಶಕ್ತಿ ಬೇಕು ಅಂತಾದರೆ ಮೆಕ್ಯಾನಿಕ್‌ಗಳು ಬದಲಾಯಿಸುವ ವಸ್ತುಗಳಲ್ಲಿ ಕ್ಯಾಮ್ ಶಾಫ್ಟ್ ಒಂದು. ಅದು ಒಂದು ಉಕ್ಕಿನ ದಂಡ. ಅದರ ಮೇಲೆ ಕೋಳಿಮೊಟ್ಟೆಯ ಆಕಾರದ ಉಬ್ಬುಗಳಿರುತ್ತವೆ. ದಂಡ ತಿರುಗಿದಾಗ ಮೊಟ್ಟೆಯ ಚೂಪು ಕಡೆ ಬಂದು ವಾಲ್ವನ್ನು ಒತ್ತಿ ತೆರೆಯುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗು ವಾಲ್ವನ್ನು ಮುಚ್ಚುತ್ತದೆ. ಅಷ್ಟೇ ಅದರ ಕೆಲಸ. ಆದರೆ ಎಂಜಿನ್ನು ಯಾವಾಗ ಉಸಿರು ಎಳೆಯಬೇಕು, ಯಾವಾಗ ಬಿಡಬೇಕು ಅಂತ ಹೇಳುವುದು ಇದೇ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಕೆಳಗೆ ಬಂದು ಗಾಳಿ ಪೆಟ್ರೋಲ್ ಎಳೆದುಕೊಳ್ಳುತ್ತೆ, ಮೇಲೆ ಹೋಗಿ ಅದನ್ನು ಒತ್ತುತ್ತೆ, ಪ್ಲಗ್ ಕಿಡಿ ಹೊತ್ತಿಸಿದಾಗ ಮತ್ತೆ ಕೆಳಗೆ ಬರುತ್ತೆ, ಮತ್ತೆ ಮೇಲೆ ಹೋಗಿ ಹೊಗೆ ತಳ್ಳುತ್ತೆ. ಇಷ್ಟಕ್ಕೆ ಕ್ರ್ಯಾಂಕು ಎರಡು ಸುತ್ತು, ಕ್ಯಾಮ್ ಒಂದೇ ಸುತ್ತು. (ಆರ್‌ಎಕ್ಸ್ ೧೦೦ಕ್ಕೆ ಯಾವ ಕ್ಯಾಮ್ ಅಂತ ನನ್ನನ್ನು ಕೇಳಬೇಡಿ. ಅದು ಟೂ ಸ್ಟ್ರೋಕ್, ಅದರಲ್ಲಿ ಕ್ಯಾಮೇ ಇಲ್ಲ!) ಈಗ ಲೆಕ್ಕ ಮಾಡಿ ನೋಡೋಣ. ಎಂಜಿನ್ನು ನಿಮಿಷಕ್ಕೆ ೯೦೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೧೫೦ ಸುತ್ತು. ಪಿಸ್ಟನ್ ಕೆಳಗೆ ಬರುವುದು ಅರ್ಧ ಸುತ್ತಿನಲ್ಲಿ. ಅಂದರೆ ಗಾಳಿ ಎಳೆಯಲು ಸಿಗುವುದು ಒಂದು ಸೆಕೆಂಡಿನ ಮುನ್ನೂರನೇ ಒಂದು ಭಾಗ! ನಮ್ಮ ಗದ್ದೆಯ ೧೫೦೦ ಸುತ್ತಿನ ಡೀಸೆಲ್ ಪಂಪ್‌ಸೆಟ್ಟಿಗೆ ಇದರ ಆರರಷ್ಟು ಸಮಯ ಸಿಗುತ್ತೆ. ರೇಸ್ ಎಂಜಿನ್ನಿಗೆ ಬೇರೆ ಕ್ಯಾಮ್ ಯಾಕೆ ಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತೆ.

ಕೆರೆಯ ತೂಬನ್ನು ನೆನೆಸಿಕೊಳ್ಳಿ. ಬಾಗಿಲನ್ನು ಎಷ್ಟು ಎತ್ತುತ್ತೇವೆ ಅನ್ನುವುದು ಒಂದು, ಎಷ್ಟು ಹೊತ್ತು ಎತ್ತಿಡುತ್ತೇವೆ ಅನ್ನುವುದು ಇನ್ನೊಂದು. ಕ್ಯಾಮಿನಲ್ಲಿ ಮೊದಲನೆಯದನ್ನು ಲಿಫ್ಟ್ ಅಂತಾರೆ, ಮಿಲಿಮೀಟರಿನಲ್ಲಿ ಅಳೀತಾರೆ. ಎರಡನೆಯದು ಡ್ಯುರೇಷನ್. ಅದನ್ನು ಸೆಕೆಂಡಿನಲ್ಲಿ ಅಳೆಯಲ್ಲ, ಕ್ರ್ಯಾಂಕು ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿತ್ತು ಅಂತ ಡಿಗ್ರಿಯಲ್ಲಿ ಅಳೀತಾರೆ. ಪಿಸ್ಟನ್ ಮೇಲಿಂದ ಕೆಳಗೆ ಬರಲು ೧೮೦ ಡಿಗ್ರಿ ಸಾಕು. ಆದರೂ ವಾಲ್ವನ್ನು ಅದಕ್ಕಿಂತ ಮೊದಲೇ ತೆರೆದು, ಪಿಸ್ಟನ್ ತಿರುಗಿ ಮೇಲೆ ಹೊರಟ ಮೇಲೂ ಸ್ವಲ್ಪ ಹೊತ್ತು ತೆರೆದೇ ಇಡುತ್ತಾರೆ.

ಪಿಸ್ಟನ್ ಮೇಲೆ ಬರುತ್ತಿದ್ದರೆ ಗಾಳಿ ಹೊರಗೆ ಹೋಗಲ್ವಾ ಅಂತ ನೀವು ಕೇಳಬಹುದು. ಪ್ರಾರ್ಥನೆ ಮುಗಿದು ನಾವೆಲ್ಲ ತರಗತಿಗೆ ನುಗ್ಗುವುದನ್ನು ನೋಡಿ. ಮೇಷ್ಟ್ರು ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಲ್ಲಿ ಅಂದರೂ ಹಿಂದಿನವರು ಓಡಿ ಬಂದ ರಭಸಕ್ಕೆ ಇನ್ನೂ ನಾಲ್ಕು ಜನ ಒಳಗೆ ಬಿದ್ದಿರುತ್ತಾರೆ. ಗಾಳಿಗೂ ಹಾಗೆಯೇ ರಭಸ ಇರುತ್ತದೆ. ಎಂಜಿನ್ನು ಜೋರಾಗಿ ತಿರುಗುವಾಗ ಬಾಗಿಲು ಇನ್ನಷ್ಟು ಹೊತ್ತು ತೆರೆದಿದ್ದರೆ ಇನ್ನಷ್ಟು ಗಾಳಿ ತುಂಬಿಕೊಳ್ಳುತ್ತೆ, ಶಕ್ತಿ ಜಾಸ್ತಿ. ಆದರೆ ನಿಧಾನವಾಗಿ ನಡೆದು ಬರುವ ಮಕ್ಕಳನ್ನು ಮೇಷ್ಟ್ರು ಸುಲಭವಾಗಿ ಹೊರಗೆ ತಳ್ಳಬಹುದಲ್ಲ? ನಿಧಾನವಾಗಿ ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನು ಎಳೆದುಕೊಂಡ ಗಾಳಿಯನ್ನೇ ವಾಪಸ್ ತಳ್ಳಿಬಿಡುತ್ತೆ. ಒತ್ತಡ ಕಮ್ಮಿಯಾಗುತ್ತೆ, ಎಳೆತ ಬರಲ್ಲ. ಆದ್ದರಿಂದ ದೊಡ್ಡ ಕ್ಯಾಮ್ ಮೇಲುಗಡೆ ಕೊಟ್ಟು ಕೆಳಗಡೆ ಕಿತ್ತುಕೊಳ್ಳುತ್ತೆ.

ಇನ್ನೊಂದು ವಿಷಯ ಓವರ್‌ಲ್ಯಾಪ್. ಹೊಗೆ ಹೋಗುವ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಗಾಳಿ ಬರುವ ವಾಲ್ವ್ ತೆರೆದುಕೊಳ್ಳುತ್ತದೆ. ಜೋರಿನಲ್ಲಿ ಹೊರಗೆ ಓಡುವ ಹೊಗೆ ತನ್ನ ಹಿಂದೆ ಹೊಸ ಗಾಳಿಯನ್ನು ಎಳೆದು ತರುತ್ತೆ, ಇದು ಒಳ್ಳೆಯದೇ. ನಿಧಾನದಲ್ಲಿ ಹೊಗೆ ಹಿಂದಕ್ಕೆ ಬಂದು ಹೊಸ ಗಾಳಿಯ ಜೊತೆ ಬೆರೆಯುತ್ತೆ. ರೇಸ್ ಕ್ಯಾಮ್ ಹಾಕಿದ ಗಾಡಿ ನಿಂತಲ್ಲಿ ಡಬ್ ಡಬ್ ಅಂತ ಕುಂಟುವುದು ಇದಕ್ಕೇ. ಎಷ್ಟೋ ಜನ ಆ ಸದ್ದಿಗೇ ಮರುಳಾಗಿ ಕ್ಯಾಮ್ ಹಾಕಿಸುತ್ತಾರಂತೆ. ನನ್ನ ಪ್ರಕಾರ ಸದ್ದಿಗೆ ದುಡ್ಡು ಕೊಡುವುದು ದಂಡ.

ಈಗ ಆರಿಸುವ ಮಾತು. ಮೊದಲು ಗಾಡಿ ಎಲ್ಲಿ ಓಡುತ್ತೆ ಅಂತ ನೋಡಬೇಕು. ಮಣ್ಣಿನ ಟ್ರ್ಯಾಕಿನಲ್ಲಿ ಒಂದಾದ ಮೇಲೊಂದು ತಿರುವು, ತಿರುವಿನಿಂದ ಹೊರಗೆ ಜಿಗಿಯಬೇಕು. ಅಲ್ಲಿ ನಡುವಿನ ವೇಗದಲ್ಲಿ ಎಳೆತ ಬೇಕು, ಡ್ಯುರೇಷನ್ ಸ್ವಲ್ಪವೇ ಜಾಸ್ತಿ ಇರುವ ಕ್ಯಾಮ್ ಸಾಕು. ಮರಳುಗುಡ್ಡದಲ್ಲಿ ಆಕ್ಸಲೇಟರ್ ಪೂರ್ತಿ ತಿರುವಿ ಹಿಡಿದೇ ಇರುತ್ತಾರೆ, ಅಲ್ಲಿ ದೊಡ್ಡ ಕ್ಯಾಮ್ ನಡೆಯುತ್ತೆ. ಕಾಡಿನ ಕಲ್ಲುದಾರಿಗೆ ಕಂಪನಿ ಕ್ಯಾಮೇ ವಾಸಿ.

ಆಮೇಲೆ ಎಂಜಿನ್ನು ಎಂಥದು ಅಂತ ನೋಡಬೇಕು. ಯಮಹಾ ರ‍್ಯಾಪ್ಟರ್ ೭೦೦ ಇದೆಯಲ್ಲ, ಅದು ೬೮೬ ಸಿಸಿ, ಒಂದೇ ಸಿಲಿಂಡರು. ಪಿಸ್ಟನ್ನು ೮೪ ಮಿಲಿಮೀಟರು ಮೇಲೆ ಕೆಳಗೆ ಓಡಾಡುತ್ತೆ. ಅದೇ ಕಂಪನಿಯ ೨೦೦೪ರ ವೈಎಫ್‌ಜೆಡ್ ೪೫೦ ಎಂಜಿನ್ನು ೪೩೯ ಸಿಸಿ, ಪಿಸ್ಟನ್ ಓಡಾಟ ೬೨ ಮಿಲಿಮೀಟರು ಮಾತ್ರ. ಓಡಾಟ ಕಮ್ಮಿ ಇರುವ ಎಂಜಿನ್ನು ಹೆಚ್ಚು ಸುತ್ತು ತಡೆಯುತ್ತೆ. ಇನ್ನೂ ಒಂದು ವ್ಯತ್ಯಾಸ ಇದೆ. ರ‍್ಯಾಪ್ಟರಿನಲ್ಲಿ ಕ್ಯಾಮ್ ಒಂದೇ, ಗಾಳಿ ಉಬ್ಬು ಹೊಗೆ ಉಬ್ಬು ಎರಡೂ ಅದರಲ್ಲೇ. ಅವುಗಳ ನಡುವಿನ ಕೋನ ಮಾಡಿದವರು ಇಟ್ಟಷ್ಟೇ, ಹೊಂದಿಸಲು ಬರಲ್ಲ. ವೈಎಫ್‌ಜೆಡ್‌ನಲ್ಲಿ ಎರಡು ಕ್ಯಾಮ್. ಒಂದನ್ನೇ ಬದಲಾಯಿಸಿ ಇನ್ನೊಂದನ್ನು ಹಾಗೇ ಬಿಡಬಹುದು.

ಡಬ್ಬಿಯ ಮೇಲೆ ಬರೆದ ಡಿಗ್ರಿಯನ್ನು ಹಾಗೇ ನಂಬಬಾರದು. ಒಬ್ಬರು ವಾಲ್ವ್ ಅಲುಗಾಡಿದ ಕೂಡಲೇ ಎಣಿಸಲು ಶುರು ಮಾಡ್ತಾರೆ, ಇನ್ನೊಬ್ಬರು ಒಂದು ಮಿಲಿಮೀಟರು ಎದ್ದ ಮೇಲೆ ಎಣಿಸ್ತಾರೆ. ಒಂದೇ ಕ್ಯಾಮಿಗೆ ಎರಡು ಸಂಖ್ಯೆ ಬರುತ್ತೆ. ಸೇರಿನಲ್ಲಿ ಅಳೆದ ರಾಗಿಯನ್ನು ಕೆಜಿಯಲ್ಲಿ ಅಳೆದ ರಾಗಿಗೆ ಹೋಲಿಸಿದ ಹಾಗೆ.

ಲಿಫ್ಟ್ ಜಾಸ್ತಿಯಾದರೆ ಸ್ಪ್ರಿಂಗೂ ಬದಲಾಗಬೇಕು. ಹಳೇ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ಬಿಗಿದುಕೊಳ್ಳಬಹುದು. ಸ್ಪ್ರಿಂಗು ಮೆದುವಾಗಿದ್ದರೆ ಜೋರಿನಲ್ಲಿ ವಾಲ್ವು ಉಬ್ಬಿನ ಹಿಂದೆ ಬರಲಾರದೆ ತೇಲುತ್ತೆ. ೯೦೦೦ ಸುತ್ತಿನಲ್ಲಿ ಪ್ರತಿ ವಾಲ್ವೂ ಸೆಕೆಂಡಿಗೆ ೭೫ ಸಲ ತೆರೆದು ಮುಚ್ಚಬೇಕು ಅಂತ ಮರೀಬೇಡಿ.

ಎಲ್ಲಕ್ಕಿಂತ ಅಪಾಯ ಅಂದರೆ ವಾಲ್ವು ಪಿಸ್ಟನ್ನಿಗೆ ಹೊಡೆಯುವುದು. ಓವರ್‌ಲ್ಯಾಪ್ ಹೊತ್ತಿನಲ್ಲಿ ಪಿಸ್ಟನ್ ಮೇಲೇ ಇರುತ್ತೆ, ಎರಡು ವಾಲ್ವೂ ತೆರೆದಿರುತ್ತವೆ. ನಡುವೆ ಇರುವ ಜಾಗ ಬಹಳ ಕಮ್ಮಿ. ಪೇಟೆಯಲ್ಲಿ ನಮ್ಮ ಸೋದರಮಾವನ ಗ್ಯಾರೇಜಿಗೆ ಹೋದ ಬೇಸಿಗೆಯಲ್ಲಿ ಒಂದು ಬೈಕು ಬಂದಿತ್ತು. ಬೇರೆ ಕಡೆ ಯಾರೋ ಅಳತೆ ನೋಡದೆ ರೇಸ್ ಕ್ಯಾಮ್ ಹಾಕಿದ್ದರು. ಮಾವ ಹೆಡ್ಡು ಬಿಚ್ಚಿದಾಗ ವಾಲ್ವು ಸೊಟ್ಟ, ಪಿಸ್ಟನ್ ತಲೆ ಮೇಲೆ ಅರ್ಧಚಂದ್ರನ ಹಾಗೆ ಗುರುತು. ಕ್ಯಾಮ್ ಹಾಕಿಸಿದ್ದು ಮಗ, ಆದರೆ ಅವರಪ್ಪ ಡೈರಿಗೆ ಹಾಲು ಹಾಕುತ್ತಿದ್ದುದು ಅದೇ ಗಾಡಿಯಲ್ಲಿ. ಸಾಮಾನು ಬರುವವರೆಗೆ ಹದಿನೈದು ದಿನ ಅವರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಓಡಾಡಿದರು.

ಇದನ್ನು ಮೊದಲೇ ನೋಡುವ ಉಪಾಯ ನನಗೆ ಬಹಳ ಇಷ್ಟವಾಯಿತು. ಪಿಸ್ಟನ್ ತಲೆ ಮೇಲೆ ಬೊಂಬೆ ಮಾಡುವಂಥ ಮೆತ್ತನೆ ಮಣ್ಣು ಅಂಟಿಸಿ, ಹೆಡ್ಡು ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ಎರಡು ಸುತ್ತು ತಿರುಗಿಸುತ್ತಾರೆ. ಮತ್ತೆ ಬಿಚ್ಚಿದರೆ ಮಣ್ಣಿನಲ್ಲಿ ವಾಲ್ವಿನ ಅಚ್ಚು ಬಿದ್ದಿರುತ್ತೆ. ಬ್ಲೇಡಿನಿಂದ ಕೊಯ್ದು ಅತಿ ತೆಳ್ಳಗಿರುವ ಜಾಗ ಅಳೆದರೆ ಎಷ್ಟು ಅಂತರ ಉಳಿದಿದೆ ಅಂತ ಗೊತ್ತಾಗುತ್ತೆ. ಕ್ಯಾಮಿನ ಜೊತೆ ಬರುವ ಚೀಟಿಯಲ್ಲಿ ಹೇಳಿದ್ದಕ್ಕಿಂತ ಕಮ್ಮಿ ಇದ್ದರೆ ಆ ಕ್ಯಾಮ್ ಹಾಕಬಾರದು.

ಚೈನು ಹಾಕುವಾಗಲೂ ಗುರುತು ಸರಿಯಾಗಿ ಕೂಡಬೇಕು. ಕ್ಯಾಮಿನ ಚಕ್ರಕ್ಕೆ ೩೬ ಹಲ್ಲು ಅಂದುಕೊಳ್ಳಿ. ಒಂದು ಹಲ್ಲು ತಪ್ಪಿದರೆ ಕ್ಯಾಮ್ ೧೦ ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ ೨೦ ಡಿಗ್ರಿ ಆಚೀಚೆ ಆಯಿತು.

ಕ್ಯಾಮ್ ಒಂದನ್ನೇ ಹಾಕಿ ಸುಮ್ಮನಾದರೂ ಪ್ರಯೋಜನ ಇಲ್ಲ. ಗಾಳಿ ಜಾಸ್ತಿ ಬಂದರೆ ಪೆಟ್ರೋಲೂ ಅದಕ್ಕೆ ತಕ್ಕ ಹಾಗೆ ಬರಬೇಕು, ಸೈಲೆನ್ಸರ್ ಕಟ್ಟಿಕೊಂಡಂತೆ ಇರಬಾರದು. ಎಂಜಿನ್ನಿನ ಕಂಪ್ಯೂಟರು ಇಷ್ಟು ಸುತ್ತಿಗಿಂತ ಮೇಲೆ ಬಿಡಲ್ಲ ಅಂತ ತಡೆದರೆ, ಅದರ ಮೇಲೆ ಶಕ್ತಿ ಕೊಡುವ ಕ್ಯಾಮ್ ಇದ್ದೂ ಇಲ್ಲದ ಹಾಗೆ.

ಮಾವ ಸವೆದುಹೋದ ಒಂದು ಹಳೇ ಕ್ಯಾಮ್ ಶಾಫ್ಟ್ ಕೊಟ್ಟಿದ್ದಾರೆ. ವಿಜ್ಞಾನದ ಬೀರುವಿನಲ್ಲಿ ಕೆಳಗಿನ ಅಂಕಣದಲ್ಲಿ ಇಟ್ಟಿದ್ದೇನೆ. ಮೇಷ್ಟ್ರನ್ನು ಕೇಳಿ ತೆಗೆದುಕೊಂಡು, ಉಬ್ಬಿನ ಮೇಲೆ ಸ್ಕೇಲ್ ಇಟ್ಟು ಮೆಲ್ಲಗೆ ತಿರುಗಿಸಿ, ಎಷ್ಟು ಏಳುತ್ತೆ ನೋಡಿ. ಎಣ್ಣೆ ಇದೆ, ಬಿಳಿ ಅಂಗಿ ಜೋಪಾನ.

— ೭ನೇ ತರಗತಿ