ಅಕ್ಷರ ಕುಣಿದರೆ ಹುಡುಗ ದಡ್ಡನೇ?

ಒಂದು ಸೀನ್ ನೆನಪು ಮಾಡ್ಕೊಳ್ಳಿ. ಕ್ಲಾಸ್ ರೂಮು. ಪುಸ್ತಕ ಹಿಡಿದು ನಿಂತ ಪುಟ್ಟ ಹುಡುಗ. 'ಓದು' ಅಂತಾರೆ ಟೀಚರ್. ಹುಡುಗ ಪುಸ್ತಕ ನೋಡ್ತಾನೆ, ಬಾಯಿ ಬಿಡೋಲ್ಲ. ಗದರಿಸಿದ ಮೇಲೆ ಹೇಳ್ತಾನೆ, ಅಕ್ಷರಗಳು ಕುಣೀತಿವೆ ಅಂತ! ಇಡೀ ಕ್ಲಾಸು ಗೊಳ್ಳೆಂದು ನಗುತ್ತೆ. ಹುಡುಗ ಬಾಗಿಲ ಹೊರಗೆ!

ಹೌದು, ಅದೇ 'ತಾರೇ ಜಮೀನ್ ಪರ್'. 2007ರ ಡಿಸೆಂಬರ್ 21ರಂದು ತೆರೆ ಕಂಡ ಚಿತ್ರ. ನಿರ್ದೇಶನ ಆಮಿರ್ ಖಾನ್, ಬರವಣಿಗೆ ಅಮೋಲ್ ಗುಪ್ತೆ. ಫೈಟಿಲ್ಲ, ಡ್ಯುಯೆಟ್ಟಿಲ್ಲ. ಸ್ಟಾರ್ ಮುಖ ಕಾಣೋದೇ ಇಂಟರ್‌ವಲ್ ಹೊತ್ತಿಗೆ! ಅಲ್ಲಿಯವರೆಗೂ ಚಿತ್ರವನ್ನು ಹೆಗಲ ಮೇಲೆ ಹೊತ್ತವನು ಬಾಲನಟ ದರ್ಶೀಲ್ ಸಫಾರಿ. ಫಿಲ್ಮ್‌ಫೇರ್ ವಿಮರ್ಶಕರ ಶ್ರೇಷ್ಠ ನಟ ಪ್ರಶಸ್ತಿಯನ್ನು ಆ ಪೋರ ಹೊಡೆದುಕೊಂಡ ಅಂದರೆ ಸುಮ್ಮನೆಯೇ?

ನಾನು ಈ ಚಿತ್ರ ನೋಡಿದ್ದು ಹನ್ನೊಂದನೇ ವಯಸ್ಸಿನಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ. ಜೊತೆಗಿದ್ದವನು ನನ್ನ ಬೆಂಚ್‌ಮೇಟ್. ಹಿಂದಿ ನಮಗಿಬ್ಬರಿಗೂ ಅಷ್ಟಕ್ಕಷ್ಟೇ. ಆದರೆ ಆ ಸೀನ್ ಬಂದಾಗ ಅವನು ನನ್ನ ತೋಳು ಗಟ್ಟಿಯಾಗಿ ಹಿಡಿದು, 'ಲೇ, ಇದು ನಾನೇ ಕಣೋ' ಅಂದ. ನಾನು ನಕ್ಕುಬಿಟ್ಟೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅವನು ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ. ಒಂದು ಸಲ ನೋಡಿದ ಪಿಕ್ಚರಿನ ಡೈಲಾಗನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಆದರೆ ಕನ್ನಡ ಪಾಠ ಓದು ಅಂದರೆ ಬೆವರು! ಬೆತ್ತದ ಏಟು, ಕ್ಲಾಸಿನ ಹೊರಗೆ ಮಂಡಿಯೂರಿಕೆ, 'ದಡ್ಡ ಶಿಖಾಮಣಿ' ಬಿರುದು. ಎಂಟನೇ ಕ್ಲಾಸಿಗೆ ಶಾಲೆಗೆ ಸಲಾಂ ಹೊಡೆದ. ಪಿಯುಸಿ ಬಿಟ್ಟವನು ನಾನೂ ಹೌದು. ಆದರೆ ನಾನು ಬಿಟ್ಟೆ, ಅವನನ್ನು ಬಿಡಿಸಿದರು.

ದಡ್ಡನಲ್ಲ, ಸೋಮಾರಿಯೂ ಅಲ್ಲ

ಇದರ ಹೆಸರು ಡಿಸ್ಲೆಕ್ಸಿಯಾ. ಕಣ್ಣಿನ ರೋಗವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಕಿವಿಗೆ ಬೀಳುವ ಸದ್ದನ್ನು ಬಿಡಿಬಿಡಿಯಾಗಿ ಹಿಡಿದು, ಅದನ್ನು ಕಾಗದದ ಮೇಲಿನ ಅಕ್ಷರಕ್ಕೆ ಗಂಟು ಹಾಕುವ ಕೆಲಸ ಇವರ ಮಿದುಳಿಗೆ ಕಷ್ಟ. ಹೀಗಾಗಿ ಓದು ಆಮೆ ನಡಿಗೆ, ಬರೆದರೆ ತಪ್ಪು. ಮನೆತನದಲ್ಲಿ ಹರಿದು ಬರುವುದೂ ಉಂಟು. ಗುಳಿಗೆ, ಟಾನಿಕ್ಕಿನಿಂದ ಹೋಗುವಂಥದ್ದಲ್ಲ. ನೂರಕ್ಕೆ ಐದರಿಂದ ಹತ್ತು ಮಕ್ಕಳಿಗೆ ಇದೆ ಅನ್ನೋದು ಸಾಮಾನ್ಯ ಅಂದಾಜು. ಅಂದರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇಬ್ಬರೋ ನಾಲ್ವರೋ!

ಇದೇನು ನಿನ್ನೆ ಮೊನ್ನೆಯ ಫ್ಯಾಷನ್ ಕಾಯಿಲೆ ಅಂದ್ಕೋಬೇಡಿ. 1896ರಲ್ಲೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದಿದ್ದರು. ಆಟದಲ್ಲಿ ಚುರುಕು, ಮಾತಿನಲ್ಲಿ ಚುರುಕು. ಆದರೆ ತನ್ನ ಹೆಸರನ್ನೇ 'ಪ್ರೆಸಿ' ಅಂತ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಇವನು ಜಾಣ ಆಗ್ತಿದ್ದ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ!

ಇನ್ನು ನಮ್ಮ ಸಿನಿಮಾ ಲೋಕಕ್ಕೆ ಬನ್ನಿ. 'ಜಾಸ್', 'ಜುರಾಸಿಕ್ ಪಾರ್ಕ್' ಕೊಟ್ಟ ಸ್ಟೀವನ್ ಸ್ಪೀಲ್‌ಬರ್ಗ್‌ಗೂ ಡಿಸ್ಲೆಕ್ಸಿಯಾ. ಶಾಲೆಯಲ್ಲಿ ಓದು ಹಿಂದೆ ಬಿದ್ದು ಅವಮಾನ ಉಂಡ ಈ ಮಹಾಶಯನಿಗೆ ಕಾರಣ ಗೊತ್ತಾಗಿದ್ದು ಅರವತ್ತರ ಆಸುಪಾಸಿನಲ್ಲಿ! ಅದನ್ನವರು 2012ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಟಾಮ್ ಕ್ರೂಸ್ ಕೂಡ ತಮ್ಮ ಓದಿನ ಪರದಾಟ ಮುಚ್ಚಿಟ್ಟವರಲ್ಲ. ಹಾಗಂತ ಡಿಸ್ಲೆಕ್ಸಿಯಾ ಇದ್ದವರೆಲ್ಲ ಸ್ಪೀಲ್‌ಬರ್ಗ್ ಆಗಬೇಕಿಲ್ಲ. ಬಸ್ ಬೋರ್ಡು, ಬ್ಯಾಂಕ್ ಚಲನ್ ಓದಿಕೊಂಡು ತಲೆ ಎತ್ತಿ ಬದುಕಿದರೆ ಸಾಲದೇ?

ಅಂದ ಹಾಗೆ, 2025ರಲ್ಲಿ ಬಂದ 'ಸಿತಾರೇ ಜಮೀನ್ ಪರ್' ಬೇರೆಯದೇ ವಿಷಯ. ಅದು ಬೌದ್ಧಿಕ ಬೆಳವಣಿಗೆಯಲ್ಲಿ ಭಿನ್ನರಾದವರ ಕಥೆ. ಎರಡನ್ನೂ ಕಲಸಬೇಡಿ.

ನಮ್ಮ ಅಕ್ಷರ, ನಮ್ಮ ಕಷ್ಟ

ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಗೆ 49, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತಕ್ಷರ! ಪ, ಷ, ಫ ಪಕ್ಕಪಕ್ಕ ಇಟ್ಟು ನೋಡಿ, ಒಂದು ಗೆರೆಯ ಆಟ. ಕನ್ನಡದಲ್ಲಿ ಸದ್ದಿಗೂ ಅಕ್ಷರಕ್ಕೂ ಹೊಂದಿಕೆ ಚೆನ್ನಾಗಿದೆ, ಅದು ಅನುಕೂಲ. ಆದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ಮೇಲಿನ ತರಗತಿಗೂ ಹಬ್ಬುತ್ತೆ ಅಂತ ಸೋನಾಲಿ ನಾಗ್ 2007ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಎಲ್ಲ ಮಕ್ಕಳಿಗೂ ಇಷ್ಟು ಹೊತ್ತು ಬೇಕಾದರೆ, ಡಿಸ್ಲೆಕ್ಸಿಯಾ ಇರೋ ಮಗುವಿಗೆ?

ಗುರುತಿಸೋದಕ್ಕೆ ದಾರಿ ಇಲ್ಲ ಅನ್ನೋ ನೆಪ ಈಗ ನಡೆಯೋಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ 'ಡಾಲಿ' ಎಂಬ ಪರೀಕ್ಷಾ ಕ್ರಮ ಹೊರತಂದಿತು. ಅದು ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇದೆ! ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯನ್ನು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯೇ ಒಪ್ಪಿಕೊಂಡಿದೆ.

ನಿಕುಂಭ್ ಮೇಷ್ಟ್ರು ಮಾಡಿದ್ದೇನು?

ಚಿತ್ರದಲ್ಲಿ ನಿಕುಂಭ್ ಮೇಷ್ಟ್ರು ಮಂತ್ರ ಹಾಕಲಿಲ್ಲ. ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿದರು. ಜೇಡಿಮಣ್ಣು ಕೈಗೆ ಕೊಟ್ಟರು. ಲೆಕ್ಕಕ್ಕೆ ಮೆಟ್ಟಿಲು ಹತ್ತಿಸಿ ಇಳಿಸಿದರು. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸೋ ಈ ವಿಧಾನಕ್ಕೆ ಅಮೆರಿಕದ ಆರ್ಟನ್, ಗಿಲ್ಲಿಂಗ್‌ಹ್ಯಾಮ್ ಎಂಬಿಬ್ಬರು 1930ರ ದಶಕದಲ್ಲೇ ತಳಪಾಯ ಹಾಕಿದ್ದರು. ಅಷ್ಟೇಕೆ, ನಮ್ಮ ಕೂಲಿಮಠಗಳಲ್ಲಿ ತಾತಂದಿರು ಮರಳಿನ ಮೇಲೇ ತಿದ್ದಿದ್ದು!

ಆದರೆ ಸಿನಿಮಾದಲ್ಲಿ ಒಂದು ಹಾಡು ಮುಗಿಯೋದರೊಳಗೆ ಹುಡುಗ ಓದ್ತಾನೆ. ನಿಜ ಬದುಕಿನಲ್ಲಿ ಹಾಗಾಗೋಲ್ಲ. ದಿನಾ ಅರ್ಧ ಗಂಟೆ, ನಾಲ್ಕೈದು ಮಕ್ಕಳ ಸಣ್ಣ ಗುಂಪು, ಸದ್ದಿನಿಂದ ಅಕ್ಷರಕ್ಕೆ, ಅಕ್ಷರದಿಂದ ಪದಕ್ಕೆ ಮೆಟ್ಟಿಲು ಮೆಟ್ಟಿಲಾಗಿ, ವರ್ಷಗಟ್ಟಲೆ. ಕ್ಲಾಸಿನೆದುರು ದಿಢೀರಂತ ಎಬ್ಬಿಸಿ ಗಟ್ಟಿಯಾಗಿ ಓದಿಸಬಾರದು. ವಿಜ್ಞಾನದ ಉತ್ತರ ಸರಿಯಿದ್ದರೆ ಕಾಗುಣಿತಕ್ಕೆ ಅಂಕ ಕತ್ತರಿಸಬಾರದು. ಇದಕ್ಕೆ ದೊಡ್ಡ ಬಜೆಟ್ ಬೇಡ, ತಿಳಿದ ಮೇಷ್ಟ್ರು ಬೇಕು. ಒಬ್ಬ ಆಮಿರ್ ಖಾನ್ ಬಂದು ಒಬ್ಬ ಹುಡುಗನನ್ನು ಕಾಪಾಡಿದರೆ ಸಾಲದು, ಪ್ರತಿ ಶಾಲೆಗೂ ತರಬೇತಿ ಪಡೆದ ಒಬ್ಬರಾದರೂ ಇರಬೇಕು.

ಕಾನೂನು ನಿಮ್ಮ ಕಡೆಗಿದೆ

1995ರ ಅಂಗವಿಕಲರ ಕಾಯಿದೆಯಲ್ಲಿ ಡಿಸ್ಲೆಕ್ಸಿಯಾದ ಸುದ್ದಿಯೇ ಇರಲಿಲ್ಲ. 2016ರ ಕಾಯಿದೆ 21 ಬಗೆಯ ಪಟ್ಟಿ ಮಾಡಿ, ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಬೇಗ ಗುರುತಿಸಿ ತಕ್ಕ ಪಾಠ ಕೊಡಬೇಕು ಅನ್ನುತ್ತೆ ಅದರ 16ನೇ ಸೆಕ್ಷನ್. ಪರೀಕ್ಷೆಗೆ ಹೆಚ್ಚು ಸಮಯ, ಬರೆಯಲು ಸಹಾಯಕ, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ 17ನೇ ಸೆಕ್ಷನ್ನಿನಲ್ಲಿವೆ. ಆದರೆ ಒಂದು ಮಾತು. ವಿನಾಯಿತಿ ಪರೀಕ್ಷೆ ಪಾಸು ಮಾಡಿಸಬಹುದು, ಓದು ಕಲಿಸೋದಿಲ್ಲ. ಹತ್ತನೇ ಕ್ಲಾಸಿನಲ್ಲಿ ಸರ್ಟಿಫಿಕೇಟಿಗೆ ಓಡೋ ಬದಲು ಎರಡು-ಮೂರನೇ ಕ್ಲಾಸಿನಲ್ಲೇ ಎಚ್ಚೆತ್ತರೆ ಆ ಮಗು ನಿಜವಾಗಿ ಗೆಲ್ಲುತ್ತೆ.

ನನ್ನ ಗೆಳೆಯ ಈಗ ಶೂಟಿಂಗ್‌ಗಳಲ್ಲಿ ಲೈಟ್ ಹಿಡೀತಾನೆ. ಕಾಲ್‌ಶೀಟ್ ಬಂದರೆ ಫೋಟೋ ತೆಗೆದು ನನಗೆ ಕಳಿಸ್ತಾನೆ, ನಾನು ಓದಿ ಹೇಳ್ತೀನಿ. ಹೋದ ವರ್ಷ ಅವನ ಅಕ್ಕನ ಮಗ, ಮೂರನೇ ಕ್ಲಾಸು, 'ದಡ್ಡ' ಅನ್ನಿಸಿಕೊಂಡು ಅಳುತ್ತಾ ಬಂದ. ನೋಟ್‌ಬುಕ್ ತುಂಬ ಕೆಂಪು ಇಂಕು. ಎಂಟನೇ ಕ್ಲಾಸಿನ ನಂತರ ಶಾಲೆಯ ಗೇಟು ತುಳಿಯದಿದ್ದ ನನ್ನ ಗೆಳೆಯ ಮಾರನೇ ದಿನ ಶಾಲೆಗೆ ಹೋದ. ಕೈ ನಡುಗುತ್ತಿತ್ತಂತೆ. 'ಸಾರ್, ನನಗೂ ಹೀಗೇ ಇತ್ತು. ನನಗೆ ಹೊಡೆದರು. ಇವನಿಗೆ ಹೊಡೀಬೇಡಿ, ತೋರಿಸೋಣ' ಅಂದನಂತೆ. ಪುಣ್ಯಕ್ಕೆ ಆ ಮೇಷ್ಟ್ರು ಕೇಳಿಸಿಕೊಂಡರು. ಹುಡುಗನಿಗೆ ಪರೀಕ್ಷೆಯಾಯಿತು, ಈಗ ಸಂಜೆ ಹೊತ್ತು ಬೇರೆ ಪಾಠ. ಇನ್ನೂ ತಡವರಿಸ್ತಾನೆ. ಆದರೆ ಹೊಟ್ಟೆನೋವಿನ ನೆಪ ಹೇಳಿ ಶಾಲೆ ತಪ್ಪಿಸೋದು ನಿಂತಿದೆ.

ಮಿತ್ರರೇ, ನಿಮ್ಮ ತಮ್ಮನೋ, ಅಣ್ಣನ ಮಗಳೋ ಪುಸ್ತಕ ಕಂಡರೆ ಓಡಿಹೋಗ್ತಿದ್ದರೆ ಕೈ ಎತ್ತೋ ಮುಂಚೆ ಒಂದು ಕ್ಷಣ ಯೋಚಿಸಿ. ಶಾಲೆಗೆ ಹೋಗಿ ಕೇಳಿ. ಕೇಳೋದು ಭಿಕ್ಷೆಯಲ್ಲ, ಹಕ್ಕು.

ಈ ಸಂಚಿಕೆ ಬಸ್ ಸ್ಟ್ಯಾಂಡಿಗೆ ಬಂದ ದಿನ ಗೆಳೆಯ ಕೊಂಡು ತರ್ತಾನೆ, ಯಾವತ್ತಿನ ಹಾಗೆ. ಚಿತ್ರಗಳನ್ನು ಅವನು ನೋಡ್ತಾನೆ, ಅಕ್ಷರ ನಾನು ಓದಬೇಕು. ಈ ಸಲ ಓದುವಾಗ ನನ್ನ ಗಂಟಲು ಸ್ವಲ್ಪ ಕಟ್ಟಬಹುದು.